ವರ್ಷದ ಅನುದಾನ, ಪೀಳಿಗೆಯ ಯೋಜನೆ: ಕಲ್ಯಾಣ ಕರ್ನಾಟಕದ ಉದ್ಯೋಗದ ಪ್ರಶ್ನೆ



ಒಂದು ಪ್ರದೇಶದ ಆರ್ಥಿಕ ಬೆಳವಣಿಗೆ ಮತ್ತು ಉದ್ಯೋಗಕ್ಕೆ ದೀರ್ಘಕಾಲದ ಕಾರ್ಯತಂತ್ರ ಹೇಗಿರಬೇಕು ಎಂಬ ವಿಷಯವನ್ನು ನೀವು ನನಗೆ ಒಪ್ಪಿಸಿದ್ದೀರಿ. ಇದನ್ನು ಪಠ್ಯಪುಸ್ತಕದ ಸಿದ್ಧಾಂತವಾಗಿ ಹೇಳುವುದಕ್ಕಿಂತ, ನಾವು ಕೂತಿರುವ ಈ ನೆಲವನ್ನೇ ಎದುರಿಗಿಟ್ಟುಕೊಂಡು ಮಾತನಾಡುತ್ತೇನೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳ ನೆಲ. 2011ರ ಜನಗಣತಿಯ ಲೆಕ್ಕದಲ್ಲಿ ಇಲ್ಲಿ ಸುಮಾರು 1.12 ಕೋಟಿ ಜನ. ಈ ಭಾಗದ ಬಗ್ಗೆ ಆಗಿರುವಷ್ಟು ಸಮಿತಿ, ವರದಿ, ಮಂಡಳಿಗಳು ಕರ್ನಾಟಕದ ಬೇರೆ ಯಾವ ಭಾಗದ ಬಗ್ಗೆಯೂ ಆಗಿಲ್ಲ. ಆದರೂ ಸುಗ್ಗಿ ಮುಗಿಯುತ್ತಿದ್ದಂತೆ ಇಲ್ಲಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಡೆಗೆ ಗುಳೆ ಹೊರಡುವುದು ನಿಂತಿಲ್ಲ. ಹಣ ಬಂದಿದೆ, ಕಾನೂನು ಬಂದಿದೆ, ದುಡಿಮೆ ಮಾತ್ರ ಊರಿಗೆ ಬರಲಿಲ್ಲ. ಯಾಕೆ ಎಂಬುದೇ ಈ ಹೊತ್ತಿನ ಮಾತು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಪ್ರದೇಶದ ದುಡಿಮೆ ಬದಲಾಗಲು ಇಪ್ಪತ್ತು, ಇಪ್ಪತ್ತೈದು ವರ್ಷ ಬೇಕು. ನಾವು ಅದಕ್ಕೆ ಕೊಡುತ್ತಿರುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಅನುದಾನ. ಈ ಎರಡು ಕಾಲಗಳ ನಡುವಿನ ಅಂತರದಲ್ಲಿ ನಮ್ಮ ಹಣವೂ ಹೋಗಿದೆ, ನಮ್ಮ ಹುಡುಗರೂ ಹೋಗಿದ್ದಾರೆ.

ಸಂಪರ್ಕ ಬಂದರೆ ಉದ್ಯೋಗ ತಾನಾಗಿ ಬರುತ್ತದೆ ಎಂದು ನಂಬುವವರು ಬಹಳ ಮಂದಿ ಇದ್ದಾರೆ. ಅವರು ರಾಯಚೂರಿನ ಇತಿಹಾಸವನ್ನೊಮ್ಮೆ ನೋಡಬೇಕು. ಮುಂಬಯಿಯಿಂದ ಬಂದ ರೈಲು ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಮೂರು ವರ್ಷಗಳ ನಂತರ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಅಂದರೆ ನೂರೈವತ್ತು ವರ್ಷಗಳ ಹಿಂದೆಯೇ ದೇಶದ ಎರಡು ದೊಡ್ಡ ಬಂದರುಗಳಿಗೆ ನಮ್ಮ ಎರೆ ಭೂಮಿಯಿಂದ ನೇರ ದಾರಿ ಇತ್ತು. ಆ ದಾರಿಯಲ್ಲಿ ಹತ್ತಿ ಹೋಯಿತು, ಎಣ್ಣೆಕಾಳು ಹೋಯಿತು, ಶಹಾಬಾದಿನ ಕಲ್ಲು ಹೋಯಿತು. ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಬಂದದ್ದು ನಿಜ, ಹಲವಾರು ಕುಟುಂಬಗಳಿಗೆ ಅದು ಅನ್ನ ಕೊಟ್ಟದ್ದೂ ನಿಜ. ಆದರೆ ಅದರ ಸುತ್ತ ಬೆಳೆಯಬೇಕಾಗಿದ್ದ ನೂಲು, ಬಣ್ಣ, ಹೊಲಿಗೆ, ಯಂತ್ರ ರಿಪೇರಿಯ ಸಣ್ಣ ಕಸುಬುಗಳ ಬಳ್ಳಿ ಹಬ್ಬಲಿಲ್ಲ. ಗಿರಣಿ ಮುಚ್ಚಿದಾಗ ಅದರ ಜೊತೆಗೇ ಆ ವಿದ್ಯೆಯೂ ಊರು ಬಿಟ್ಟಿತು.

ಇದೇ ಕಾಲದಲ್ಲಿ ಹಳೆ ಮೈಸೂರಿನಲ್ಲಿ ನಡೆದದ್ದನ್ನು ನೋಡಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಕೂಡಿತು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು ಆರೇ ವರ್ಷ. ಭದ್ರಾವತಿಯಲ್ಲಿ ಕುಲುಮೆ ಉರಿಯುವ ಹೊತ್ತಿಗೆ ಅವರು ಅಧಿಕಾರ ಬಿಟ್ಟು ವರ್ಷಗಳಾಗಿದ್ದವು. ದಿವಾನರು ಬದಲಾದರೂ ದಾರಿ ಬದಲಾಗಲಿಲ್ಲ. ಮುಂದೆ ಸ್ವಾತಂತ್ರ್ಯ ಬಂದು ಕೇಂದ್ರ ಸರ್ಕಾರ ಐಟಿಐ, ಎಚ್‌ಎಂಟಿ, ಬಿಇಎಲ್ ಸ್ಥಾಪಿಸುವಾಗ ಅವೆಲ್ಲ ಬೆಂಗಳೂರಿಗೇ ಹೋದವು. ತರಬೇತಾದ ಕೈಗಳು ಅಲ್ಲಿ ಆಗಲೇ ಇದ್ದದ್ದು ಅದಕ್ಕೊಂದು ದೊಡ್ಡ ಕಾರಣ.

ಕರಾವಳಿಯ ಕಥೆ ಇನ್ನೊಂದು ಬಗೆಯದು. ಅಲ್ಲಿ ದಿವಾನರೂ ಇರಲಿಲ್ಲ, ಭದ್ರಾವತಿಯಂಥ ದೊಡ್ಡ ಕಾರ್ಖಾನೆಯೂ ಇರಲಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದವು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಗಿ, ದಿನಗೂಲಿಯವನ ಕೈಯಲ್ಲಿದ್ದ ಎರಡಾಣೆಯೂ ಬಂಡವಾಳವಾಯಿತು. ಶಾಲೆ ಮತ್ತು ಸಾಲ, ಇವೆರಡನ್ನು ಕರಾವಳಿ ಐವತ್ತು ವರ್ಷ ಬಿಡದೆ ಹಿಡಿದುಕೊಂಡಿತು.

ನಮ್ಮಲ್ಲಿ? ಎಂಜಿನಿಯರಿಂಗ್ ಕಾಲೇಜು ಕಲಬುರಗಿಗೆ ಬಂದದ್ದು 1958ರಲ್ಲಿ. ಅದೂ ಸರ್ಕಾರ ತಂದದ್ದಲ್ಲ, ಮಹಾದೇವಪ್ಪ ರಾಂಪೂರೆಯವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ತಂದದ್ದು. ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ, ಮೈಸೂರಿಗಿಂತ 64 ವರ್ಷ ತಡವಾಗಿ. ಬೆಂಗಳೂರಿಗೆ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಬಂತು, ರಾಯಚೂರಿಗೆ 2008ರಲ್ಲಿ. ಬೀದರ್ ಮತ್ತು ಕಲಬುರಗಿಯನ್ನು ಜೋಡಿಸುವ ನೂರು ಚಿಲ್ಲರೆ ಕಿಲೋಮೀಟರ್ ರೈಲು ಹಾದಿ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಇವನ್ನು ದೂರು ಹೇಳಲು ಎಣಿಸುತ್ತಿಲ್ಲ. ಹಿಂದುಳಿಯುವುದು ಎಂದರೆ ಹಣ ಕಡಿಮೆ ಇರುವುದು ಎಂದಷ್ಟೇ ತಿಳಿದರೆ ಸಾಲದು. ಕಾಲ ಕಳೆದುಕೊಂಡಿರುವುದು ಎಂಬ ಅರ್ಥವೂ ಅದಕ್ಕಿದೆ. ಕಳೆದ ಕಾಲವನ್ನು ಒಂದು ವರ್ಷದ ಬಜೆಟ್ಟಿನಲ್ಲಿ ತುಂಬಿಕೊಡಲು ಬರುವುದಿಲ್ಲ.

ಸಮಿತಿಗಳ ವಿಷಯಕ್ಕೆ ಬರುತ್ತೇನೆ. ಧರಂಸಿಂಗ್ ಸಮಿತಿಯ ವರದಿ ಎಂಬತ್ತರ ದಶಕದ ಆರಂಭದ್ದು. ಅದರ ಬೆನ್ನಿಗೆ ತೊಂಬತ್ತರ ದಶಕದಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಬಂತು. ಇವೆಲ್ಲಕ್ಕಿಂತ ಗಟ್ಟಿಯಾದದ್ದು ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯ ವರದಿ. 2002ರಲ್ಲಿ ಸಲ್ಲಿಕೆಯಾದ ಆ ವರದಿ 35 ಸೂಚಕಗಳನ್ನಿಟ್ಟುಕೊಂಡು ಆಗಿದ್ದ 175 ತಾಲ್ಲೂಕುಗಳನ್ನು ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದವು ಎಂದು ಕಂಡಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕುಗಳು ಕಲಬುರಗಿ ವಿಭಾಗದವೇ ಆಗಿದ್ದವು. ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಬೇಕು ಎಂದು ಅದು ಹೇಳಿತು.

ಆ ವರದಿಯ ದೊಡ್ಡ ಕೊಡುಗೆ ಈ ಮೊತ್ತವಲ್ಲ ಎಂದು ನನ್ನ ಭಾವನೆ. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಗೆ ತೆಗೆದುಕೊಂಡದ್ದು ಅದರ ದೊಡ್ಡ ಕೊಡುಗೆ. ರಾಯಚೂರು ಜಿಲ್ಲೆ ಎಂದರೆ ತುಂಗಭದ್ರೆಯ ಕಾಲುವೆಯ ಸಿಂಧನೂರೂ ಹೌದು, ಅತ್ಯಂತ ಹಿಂದುಳಿದವುಗಳ ಸಾಲಿನ ದೇವದುರ್ಗವೂ ಹೌದು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಸತ್ಯ ಮುಚ್ಚಿಹೋಗುತ್ತದೆ. ಆದರೆ ಯೋಜನೆ ಜಾರಿಗೆ ಬಂದದ್ದು 2007-08ರಿಂದ, ವರದಿ ಬಂದು ಐದು ವರ್ಷಗಳ ಮೇಲೆ. ಬಂದಾಗ ಅದು ಇಲಾಖೆಗಳಿಗೆ ಹಂಚಿಹೋಯಿತು. ಲೋಕೋಪಯೋಗಿಗೆ ಇಷ್ಟು, ನೀರಾವರಿಗೆ ಇಷ್ಟು, ವಸತಿಗೆ ಇಷ್ಟು. ದೇವದುರ್ಗಕ್ಕೆ ಹತ್ತು ವರ್ಷದಲ್ಲಿ ಏನಾಗಬೇಕು, ಅಲ್ಲಿ ಎಷ್ಟು ಜನರಿಗೆ ಯಾವ ಕೆಲಸ ಸಿಗಬೇಕು ಎಂದು ಕೂತು ಲೆಕ್ಕ ಹಾಕುವ ಜವಾಬ್ದಾರಿ ಯಾವ ಇಲಾಖೆಗೂ ಇರಲಿಲ್ಲ.

ಸಂವಿಧಾನದ 371ಜೆ ವಿಧಿ ಈ ಭಾಗದ ಜನರ ಹೋರಾಟದ ಫಲ. ವೈಜನಾಥ ಪಾಟೀಲರು ಅದಕ್ಕಾಗಿ ದಶಕಗಳ ಕಾಲ ದನಿಯೆತ್ತಿದರು. 98ನೆಯ ತಿದ್ದುಪಡಿಯ ಮೂಲಕ ಬಂದ ಈ ವಿಧಿಯಿಂದಾಗಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ನಮ್ಮ ಮಕ್ಕಳಿಗೆ ದೊರೆತವು, ರಾಜ್ಯದ ಇತರ ಕಡೆಗಳಲ್ಲಿ ಶೇ. 8. ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯ ಮೀಸಲಾತಿ ಬಂತು. ಹಳ್ಳಿಯ ಮನೆಯ ಹೆಣ್ಣುಮಗಳು ವೈದ್ಯೆಯಾಗಿ ತನ್ನ ಜಿಲ್ಲೆಯ ಆಸ್ಪತ್ರೆಯಲ್ಲೇ ಕೂತಿರುವುದನ್ನು ನಾವಿಂದು ಕಾಣುತ್ತಿದ್ದೇವೆ. ಈ ವಿಧಿಯನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಸಹಮತವಿಲ್ಲ.

ಆದರೆ ಅದರ ಮಿತಿಯನ್ನೂ ಹೇಳಬೇಕು. ಸರ್ಕಾರಿ ನೌಕರಿ ಎಷ್ಟು ಮಂದಿಗೆ ಸಿಕ್ಕೀತು? ಖಾಲಿ ಹುದ್ದೆಗಳನ್ನೆಲ್ಲ ನಾಳೆಯೇ ತುಂಬಿದರೂ ಪ್ರತಿ ವರ್ಷ ಕಾಲೇಜು ಬಾಗಿಲಿನಿಂದ ಹೊರಬರುವ ಹುಡುಗ ಹುಡುಗಿಯರಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ ಅದು ಮುಟ್ಟುತ್ತದೆ. ಉಳಿದವರು ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳಲ್ಲಿ ಮೂವತ್ತು ದಾಟುವವರೆಗೆ ಕೂಡುತ್ತಾರೆ. 371ಜೆ ಓದಿದವರಿಗೆ ಗೊತ್ತು, ಅದರಲ್ಲಿ ನೌಕರಿ ಮತ್ತು ಶಿಕ್ಷಣದ ಜೊತೆಗೆ ವೃತ್ತಿ ತರಬೇತಿಯ ಹೆಸರೂ ಸ್ಪಷ್ಟವಾಗಿ ಇದೆ. ಸೀಟು ಮತ್ತು ಹುದ್ದೆಗಾಗಿ ನಾವು ಬೀದಿಗಿಳಿದಿದ್ದೇವೆ. ವೃತ್ತಿ ತರಬೇತಿಗಾಗಿ ಒಂದು ಧರಣಿಯನ್ನೂ ನಾನು ಕಂಡಿಲ್ಲ.

ಈಗ 371ಜೆ ಅಡಿಯಲ್ಲಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಯ ಹಣದ ಮಾತು. ವರ್ಷಕ್ಕೆ 1,500 ಕೋಟಿ ಇದ್ದದ್ದು 3,000 ಕೋಟಿಯಾಯಿತು, ಆಮೇಲೆ 5,000 ಕೋಟಿಯ ಘೋಷಣೆಯಾಯಿತು. 2011ರ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ವರ್ಷಕ್ಕೆ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಇದು ಯಾವುದಕ್ಕೆ ಹೋಗುತ್ತದೆ ಎಂದು ಹಳ್ಳಿಯಲ್ಲಿ ಕೇಳಿದರೆ ಉತ್ತರ ತಕ್ಷಣ ಬರುತ್ತದೆ: ಕಾಮಗಾರಿಗೆ. ಸಿಸಿ ರಸ್ತೆ, ಚರಂಡಿ, ಸಮುದಾಯ ಭವನ, ಶಾಲಾ ಕೊಠಡಿ. ಇವು ಬೇಡವೆಂದಲ್ಲ. ಯಾದಗಿರಿಯಂಥ ಜಿಲ್ಲೆಯಲ್ಲಿ ಶಾಲಾ ಕೊಠಡಿ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಹಣ ಕಾಂಕ್ರೀಟಿನ ಕಡೆಗೇ ಹರಿಯುವುದಕ್ಕೆ ಕಾರಣ ಯಾರೋ ಒಬ್ಬರ ದುರುದ್ದೇಶ ಎಂದು ನಾನು ಭಾವಿಸುವುದಿಲ್ಲ. ವ್ಯವಸ್ಥೆಯ ರಚನೆಯೇ ಹಾಗಿದೆ. ಕ್ರಿಯಾ ಯೋಜನೆ ಕ್ಷೇತ್ರವಾರು ತಯಾರಾಗುತ್ತದೆ. ಅನುಮೋದನೆ ತಡವಾಗುತ್ತದೆ. ಮಾರ್ಚ್ ಹತ್ತಿರವಾದಂತೆ ಖರ್ಚು ತೋರಿಸುವ ಒತ್ತಡ ಬೀಳುತ್ತದೆ. ಆಗ ಆರು ತಿಂಗಳಲ್ಲಿ ಮುಗಿದು, ಅಳತೆ ಪುಸ್ತಕದಲ್ಲಿ ಬರೆದು, ಬಿಲ್ಲು ಮಾಡಬಹುದಾದದ್ದು ಕಟ್ಟಡ ಒಂದೇ. ಕೈಗಾರಿಕಾ ತರಬೇತಿ ಸಂಸ್ಥೆಗೆ ಒಳ್ಳೆಯ ಬೋಧಕನನ್ನು ತಂದು ಹತ್ತು ವರ್ಷ ಉಳಿಸಿಕೊಳ್ಳುವುದನ್ನು ಯಾವ ಅಳತೆ ಪುಸ್ತಕದಲ್ಲಿ ಬರೆಯುತ್ತೀರಿ? ಕಟ್ಟಡ ಕಟ್ಟಲು ಬಂಡವಾಳದ ಹಣ ಸಿಗುತ್ತದೆ, ಅದರೊಳಗೆ ಕೂರುವ ಮನುಷ್ಯನ ಸಂಬಳಕ್ಕೆ ಸಿಗುವುದಿಲ್ಲ. ಹೀಗಾಗಿ ಬೀಗ ಹಾಕಿದ ಹೊಸ ಕಟ್ಟಡಗಳನ್ನು ನಮ್ಮ ತಾಲ್ಲೂಕುಗಳಲ್ಲಿ ಎಲ್ಲರೂ ನೋಡಿದ್ದಾರೆ.

2011ರಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ದಕ್ಷಿಣ ಕನ್ನಡದ್ದು ಶೇ. 88.57. ಕೈಗಾರಿಕಾ ನೀತಿ ಹಿಂದುಳಿದ ವಲಯಗಳಿಗೆ ಹೆಚ್ಚು ಸಬ್ಸಿಡಿ ಕೊಟ್ಟರೂ ಎರಡೂ ಜಿಲ್ಲೆಗಳು ಓಟ ಶುರುಮಾಡುವ ಗೆರೆ ಬೇರೆ ಬೇರೆ. ಓಟ ಎಲ್ಲಿ ಮುಗಿಯುತ್ತದೆ ಎಂಬುದು ಇಲ್ಲೇ ತೀರ್ಮಾನವಾಗಿಹೋಗುತ್ತದೆ.

ದೀರ್ಘಕಾಲದ ಕಾರ್ಯತಂತ್ರ ಎಂದರೆ ಏನೆಂದು ಒಂದು ಬೆಳೆಯನ್ನು ಹಿಡಿದೇ ನೋಡೋಣ. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತೇವೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಸುಣ್ಣದಂಶವಿರುವ ಈ ಕಪ್ಪು ಮಣ್ಣಿನ ಬೇಳೆಯ ರುಚಿ ಬೇರೆ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಜೂನ್‌ನಲ್ಲಿ ಬಿತ್ತಿದ ತೊಗರಿ ರಾಶಿಯಾಗಲು ಡಿಸೆಂಬರ್, ಜನವರಿ ಬರಬೇಕು. ಅಷ್ಟೂ ತಿಂಗಳು ಮಳೆ, ಕಾಯಿಕೊರಕ, ನೆಟೆ ರೋಗ ಎಲ್ಲವನ್ನೂ ರೈತ ದಾಟಬೇಕು. 2022-23ರಲ್ಲಿ ನೆಟೆ ರೋಗ ಬಂದು ನಿಂತ ಬೆಳೆಯೇ ಒಣಗಿತು. ಕಲಬುರಗಿಯ ಸಂಶೋಧನಾ ಕೇಂದ್ರ ನೆಟೆ ತಡೆಯುವ ಟಿಎಸ್-3ಆರ್, ಜಿಆರ್‌ಜಿ-811 ಮೊದಲಾದ ತಳಿಗಳನ್ನು ಕೊಟ್ಟಿದೆ. ಆದರೆ ರೋಗಾಣು ಮಣ್ಣಿನಲ್ಲೇ ಉಳಿಯುವುದರಿಂದ, ಒಂದೇ ಹೊಲಕ್ಕೆ ವರ್ಷ ವರ್ಷವೂ ತೊಗರಿಯನ್ನೇ ಹಾಕಿದರೆ ಯಾವ ತಳಿಯೂ ಸೋಲುತ್ತದೆ. ಬೆಳೆ ಬದಲಾಯಿಸಿ ಎಂದು ರೈತನಿಗೆ ಹೇಳಬೇಕಾದ ಕೃಷಿ ಸಹಾಯಕನ ಹುದ್ದೆ ರೈತ ಸಂಪರ್ಕ ಕೇಂದ್ರದಲ್ಲಿ ಖಾಲಿ ಇದ್ದರೆ ಆ ಸಂಶೋಧನೆ ಹೊಲ ಮುಟ್ಟುವುದು ಹೇಗೆ?

ರಾಶಿಯಾದ ಮೇಲೆ ಇನ್ನೊಂದು ಪರೀಕ್ಷೆ. ಬಿತ್ತುವಾಗ ದರ ಏರಿರುತ್ತದೆ, ಕಟಾವಿನ ಹೊತ್ತಿಗೆ ಬೀಳುತ್ತದೆ. 2021ರ ಮೇ ತಿಂಗಳಿನಿಂದ ತೊಗರಿಯ ಆಮದನ್ನು ಮುಕ್ತಗೊಳಿಸಲಾಗಿದೆ. ಮೊಜಾಂಬಿಕ್‌ನಿಂದ, ಮ್ಯಾನ್ಮಾರ್‌ನಿಂದ ಕಾಳು ಬರುತ್ತದೆ. ನಗರದ ಗ್ರಾಹಕನಿಗೆ ಬೇಳೆ ದುಬಾರಿಯಾಗಬಾರದೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಈ ನಿರ್ಧಾರಗಳು ವರ್ಷ ವರ್ಷಕ್ಕೆ ಮುಂದುವರಿಯುತ್ತ ಹೋದರೆ ಕಲಬುರಗಿಯ ರೈತನಾಗಲಿ, ದಾಲ್‌ಮಿಲ್ಲಿನ ಮಾಲೀಕನಾಗಲಿ ಐದು ವರ್ಷದ ಮುಂದಿನ ಲೆಕ್ಕ ಹಾಕಲಾರ. ಮಿಲ್ಲಿಗೆ ಹೊಸ ಯಂತ್ರ ಹಾಕಬೇಕೆ, ಗೋದಾಮು ಕಟ್ಟಬೇಕೆ ಎಂಬ ಪ್ರಶ್ನೆಗೆ ಉತ್ತರ ದೆಹಲಿಯ ಅಧಿಸೂಚನೆಯಲ್ಲಿದೆ. ತೊಗರಿ ಅಭಿವೃದ್ಧಿ ಮಂಡಳಿ ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ಇದೆ. ಅದರ ಕೈಗೆ ಖರೀದಿಗೆ ಬೇಕಾದ ಸ್ಥಿರ ನಿಧಿ ಕೊಟ್ಟರೆ, ತಾಲ್ಲೂಕಿಗೊಂದು ಶುದ್ಧೀಕರಣ ಮತ್ತು ಪ್ಯಾಕಿಂಗ್ ಘಟಕ ಎದ್ದರೆ, ಸಂಚಿಯಲ್ಲಿ ಹೊರಗೆ ಹೋಗುವ ಕಾಳು ಪ್ಯಾಕೆಟ್ಟಿನಲ್ಲಿ ಬೇಳೆಯಾಗಿ ಹೋಗುತ್ತದೆ. ಹೊಟ್ಟು, ನುಚ್ಚು ಇಲ್ಲಿಯ ದನಗಳಿಗೆ ಮೇವಾಗಿ ಹಾಲಿನ ಕಸುಬು ಬೆಳೆಯುತ್ತದೆ. ಜೋಳದ ರೊಟ್ಟಿಯಲ್ಲಿ ಇದು ಸಾಧ್ಯವೆಂದು ಮಹಿಳಾ ಸಂಘಗಳು ತೋರಿಸಿವೆ. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಅವರು ಬಡಿದ ರೊಟ್ಟಿ ದೂರದ ಊರುಗಳಿಗೆ ಹೋಗುತ್ತಿದೆ. ಆ ಹೆಂಗಸರಿಗೆ ಬೇಕಾಗಿರುವುದು ಹೊಗಳಿಕೆಯಲ್ಲ. ಮುಂದಿನ ಹತ್ತು ವರ್ಷ ಕೈಬಿಡದ ಸಾಲ ಮತ್ತು ಮಾರುಕಟ್ಟೆ.

ಸಾಲದ ಮಾತು ಬಂದಾಗ ಬೀದರನ್ನು ನೆನೆಯದೆ ಮುಂದೆ ಹೋಗಲಾಗದು. ಬೀದರ್ ಜಿಲ್ಲಾ ಸಹಕಾರಿ ಬ್ಯಾಂಕು ಗುರುಪಾದಪ್ಪ ನಾಗಮಾರಪಳ್ಳಿಯವರ ಮುಂದಾಳತ್ವದಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಸಾಲ ಕೊಟ್ಟು ಅವುಗಳನ್ನು ಬೆಳೆಸಿದ ರೀತಿ ದೇಶದ ಸಹಕಾರಿ ವಲಯದಲ್ಲಿ ಮಾದರಿ ಎನಿಸಿಕೊಂಡಿತು. ಅದು ಈ ನೆಲದಲ್ಲೇ ನಡೆದದ್ದು. ಕರಾವಳಿಯಲ್ಲಿ ಮಾತ್ರ ಆಗುತ್ತದೆ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಹತ್ತಿಯ ಕಥೆಯೂ ತೊಗರಿಯಂಥದ್ದೇ. ರಾಯಚೂರಿನ ಮಾರುಕಟ್ಟೆಗೆ ಬಂದ ಹತ್ತಿ ಜಿನ್ನಿಂಗ್ ಆಗಿ, ಅಂಡಿಗೆಯಾಗಿ, ಬಹುಪಾಲು ಹೊರಗಿನ ನೂಲಿನ ಗಿರಣಿಗಳಿಗೆ ಹೋಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕುಗಳನ್ನು ಘೋಷಿಸಿದಾಗ ಕಲಬುರಗಿಯ ಹೆಸರೂ ಅದರಲ್ಲಿತ್ತು. ಇದು ದೊಡ್ಡ ಅವಕಾಶ, ಏಕೆಂದರೆ ಒಂದು ಕೋಟಿ ಬಂಡವಾಳಕ್ಕೆ ಹೊಲಿಗೆಯ ಕಾರ್ಖಾನೆ ಕೊಡುವಷ್ಟು ಕೆಲಸವನ್ನು ಸಿಮೆಂಟು, ಉಕ್ಕು, ವಿದ್ಯುತ್ ಕೊಡುವುದಿಲ್ಲ. ಆ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಹಾಗಾಗಿ ಪಾರ್ಕಿನ ರಸ್ತೆ, ನೀರು, ಶೆಡ್ಡಿನ ಜೊತೆಗೇ ಮಹಿಳಾ ವಸತಿ ನಿಲಯ, ರಾತ್ರಿ ಪಾಳಿಗೆ ಬಸ್ಸು, ಕೂಸಿಗೆ ಶಿಶುವಿಹಾರ ಇವನ್ನು ಯೋಜನೆಯಲ್ಲೇ ಸೇರಿಸಬೇಕು. ಹೊಲಿಗೆ ಕಲಿಸುವ ತರಬೇತಿ ಶೆಡ್ಡು ಎದ್ದ ಮೇಲೆ ಶುರುವಾದರೆ ಹೊರಗಿನ ಕಾರ್ಮಿಕರನ್ನು ಕರೆತರುವುದೇ ಕಾರ್ಖಾನೆಗೆ ಸುಲಭವಾಗುತ್ತದೆ. ಇಂದೇ ಶುರುವಾಗಬೇಕು.

ದೊಡ್ಡ ಕೈಗಾರಿಕೆಗಳು ನಮಗೆ ಹೊಸವಲ್ಲ. ಹಟ್ಟಿಯ ಚಿನ್ನ, ವಾಡಿ ಮತ್ತು ಸೇಡಂನ ಸಿಮೆಂಟು, 1985ರಿಂದ ಶಕ್ತಿನಗರದ ವಿದ್ಯುತ್ತು, ತೋರಣಗಲ್ಲಿನ ಉಕ್ಕು. ರಾಜ್ಯದ ಮನೆಗಳಿಗೆ ಬೆಳಕು ಕೊಟ್ಟ ರಾಯಚೂರು, 2001ರ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ರಾಜ್ಯದ ಕೊನೆಯ ಜಿಲ್ಲೆಯಾಗಿತ್ತು, 0.547. ಬೆಂಗಳೂರು ನಗರದ್ದು 0.753. ಗಣಿ ಮತ್ತು ಸ್ಥಾವರ ನೆಲದಿಂದ ಏನನ್ನು ತೆಗೆಯುತ್ತವೋ ಅದರ ಒಂದು ಪಾಲು ಆ ತಾಲ್ಲೂಕಿನ ಮಕ್ಕಳ ವಿದ್ಯೆಗೆ ಹಿಂದಿರುಗಬೇಕು. ಬಳ್ಳಾರಿಯ ಗಣಿ ನಿಧಿಯಲ್ಲಿ ಸಾವಿರಾರು ಕೋಟಿ ಇದೆ. ಅದೂ ಕಾಂಕ್ರೀಟಾಗಿ ಮುಗಿದರೆ, ಅದಿರು ಖಾಲಿಯಾದ ದಿನ ಸಂಡೂರಿನ ಹುಡುಗನ ಕೈಯಲ್ಲಿ ಏನು ಉಳಿಯುತ್ತದೆ?

ನೀರಾವರಿ ಬಗ್ಗೆ ಎರಡೇ ಮಾತು. ತುಂಗಭದ್ರೆಯ ನೀರು ಬಂದ ಗಂಗಾವತಿ, ಸಿಂಧನೂರುಗಳಲ್ಲಿ ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಬಂದವು, ಟ್ರ್ಯಾಕ್ಟರ್ ಅಂಗಡಿಗಳು ಬಂದವು, ಹೊರಗಿನಿಂದ ಕೂಲಿಗೆ ಜನ ಬರುವಂತಾಯಿತು. ನೀರು ಉದ್ಯೋಗ ಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಕಾಲುವೆಯ ಮೇಲ್ಭಾಗದವರು ಎರಡು ಬೆಳೆ ಭತ್ತ ತೆಗೆಯುವಾಗ ಕೊನೆಯಂಚಿನ ಮಾನ್ವಿ, ರಾಯಚೂರು ತಾಲ್ಲೂಕುಗಳ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕಾಗಿ ಹೋರಾಡುವಷ್ಟೇ ಗಟ್ಟಿಯಾಗಿ ಇರುವ ನೀರಿನ ನ್ಯಾಯವಾದ ಹಂಚಿಕೆಗೂ ಹೋರಾಡಬೇಕು. ಕೃಷ್ಣೆ, ತುಂಗಭದ್ರೆಯ ಕಾಲುವೆ ಮುಟ್ಟದ ಆಳಂದ, ಚಿಂಚೋಳಿ, ಔರಾದಗಳಿಗೆ ಬಹುಪಾಲು ಕೆರೆ, ಒಡ್ಡು, ಮಳೆಯಾಶ್ರಯದ ಬೇಸಾಯವೇ ಗತಿ. ಅದಕ್ಕೊಂದು ಪ್ರತ್ಯೇಕ ಯೋಜನೆ ಬೇಕು.

2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲಿ ದೇಶದ 200 ಜಿಲ್ಲೆಗಳಿಗೆ ಬಂದಾಗ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಮೂರು ನಮ್ಮವೇ ಆಗಿದ್ದವು: ಬೀದರ್, ಕಲಬುರಗಿ, ರಾಯಚೂರು. 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ರಾಯಚೂರು, ಯಾದಗಿರಿ ಸೇರಿದವು. ಖಾತ್ರಿ ಕೂಲಿ ಬರಗಾಲದಲ್ಲಿ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡಿದೆ. ಆದರೂ ಮೇಸ್ತ್ರಿ ಮುಂಗಡ ಕೊಟ್ಟಾಗ ಜನ ಗುಳೆ ಹೋಗುತ್ತಾರೆ, ಏಕೆಂದರೆ ಮದುವೆಗೆ, ಆಸ್ಪತ್ರೆಗೆ ಒಟ್ಟಿಗೆ ಹಣ ಬೇಕು. ತಂದೆತಾಯಿಯ ಜೊತೆ ಇಟ್ಟಿಗೆ ಭಟ್ಟಿಗೆ, ಕಟ್ಟಡದ ಕೆಲಸಕ್ಕೆ ಹೋದ ಮಗು ಶಾಲೆಯಿಂದ ಕಳಚಿಕೊಳ್ಳುತ್ತದೆ. ಮುಂದೆ ಆ ಮಗುವೂ ಅದೇ ಬಸ್ಸು ಹತ್ತುತ್ತದೆ. ಒಂದು ಪೀಳಿಗೆಯ ಸರಪಳಿ ಇನ್ನೊಂದಕ್ಕೆ ಹೀಗೆ ಬೀಳುತ್ತದೆ. ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಲ್ಲೇ ಇರಿಸಿಕೊಳ್ಳುವ ವಸತಿ ಶಾಲೆಗಳನ್ನು ನಾನು ಆರ್ಥಿಕ ನೀತಿಯ ಭಾಗವೆಂದೇ ಎಣಿಸುತ್ತೇನೆ.

ಹಾಗಾದರೆ ಮಾಡಬೇಕಾದದ್ದೇನು? ಮಂಡಳಿಯ ಹಣದಲ್ಲಿ ಒಂದು ನಿಶ್ಚಿತ ಪಾಲನ್ನು, ನನ್ನ ಮಟ್ಟಿಗೆ ಕನಿಷ್ಠ ಮೂರನೇ ಒಂದು ಭಾಗವನ್ನು, ವರ್ಷ ಮುಗಿದರೂ ಮುಗಿಯದ ದೀರ್ಘಾವಧಿ ನಿಧಿಯಾಗಿ ಬೇರೆ ಇಡಬೇಕು. ಅದರಿಂದ ಬೋಧಕರ ಸಂಬಳ, ಬೀಜ ಸಂಶೋಧನೆ, ಸ್ತ್ರೀಶಕ್ತಿ ಸಂಘಗಳ ಸಾಲದ ಖಾತರಿ, ಕೃಷಿ ಸಂಸ್ಕರಣೆಯ ಘಟಕಗಳು ನಡೆಯಬೇಕು. ತಾಲ್ಲೂಕಿಗೊಂದು ಇಪ್ಪತ್ತು ವರ್ಷದ ಯೋಜನೆ ಇರಬೇಕು. ಸರ್ಕಾರ ಬದಲಾದರೆ ಅದರ ಹೆಸರು ಬದಲಾಗಲಿ, ಗುರಿ ಬದಲಾಗಬಾರದು. ನಂಜುಂಡಪ್ಪನವರ ನಂತರ ಎರಡು ದಶಕ ಕಳೆದು ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿ ನೇಮಿಸಿತು. ಹೊಸ ಅಳತೆ ಒಳ್ಳೆಯದೇ. ಆದರೆ ಹಳೆಯ ವರದಿಗೆ ಆದ ಗತಿ ಇದಕ್ಕೂ ಆದರೆ ಇನ್ನೊಂದು ಪೀಳಿಗೆ ಗುಳೆ ಹೋಗುತ್ತದೆ.

371ಜೆ ವಿಧಿಯ ಒಂದು ಅಂಶವನ್ನು ನಾವು ಯಾರೂ ಸರಿಯಾಗಿ ಬಳಸಿಕೊಂಡಿಲ್ಲ. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂದು ಅದು ಹೇಳುತ್ತದೆ. ಎಷ್ಟು ಕೋಟಿ ಖರ್ಚಾಯಿತು, ಎಷ್ಟು ಕಾಮಗಾರಿ ಮುಗಿಯಿತು ಎಂಬುದರ ಜೊತೆಗೆ, ತಾಲ್ಲೂಕುವಾರು ಎಷ್ಟು ಜನರಿಗೆ ವರ್ಷಪೂರ್ತಿ ಕೆಲಸ ಸಿಕ್ಕಿತು, ಎಷ್ಟು ಜನ ಗುಳೆ ಹೋದರು ಎಂಬ ಲೆಕ್ಕವೂ ಅದರಲ್ಲಿ ಇರಬೇಕು. ಇಲ್ಲಿ ಕೂತಿರುವ ವಿದ್ಯಾರ್ಥಿಗಳೆ, ನಿಮ್ಮ ಶಾಸಕರಿಗೆ ಪತ್ರ ಬರೆದು ಇದನ್ನು ಕೇಳಿ. ಆ ಲೆಕ್ಕವನ್ನು ಯಾರೂ ಕೊಡದಿದ್ದರೆ ನಿಮ್ಮ ನಿಮ್ಮ ಊರಿನದನ್ನು ನೀವೇ ಬರೆದು ಕಳಿಸಿ.